ಮಂಜು ಮುಸುಕಿದ ಕೋಟೆ

ಆಟವೆಂದರೆ ಗೆಲುವು ಸೋಲುಗಳ ಸ್ಪರ್ಧೆಯೆಂಬುದು ಸಾಮಾನ್ಯ ಭಾವನೆ. ಆದರೆ ಆಡುವವರೆಲ್ಲರೂ ಒಂದೇ ಪಕ್ಷದವರಾಗಿ, ಮಾತಿನಿಂದಲೇ ಕಥೆಯೊಂದನ್ನು ಕಟ್ಟುತ್ತ ಹೋಗುವ ಆಟವೂ ಉಂಟು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬುವರು ರಚಿಸಿ 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಂತಹ ಆಟಗಳಲ್ಲಿ ಮೊದಲನೆಯದು.

ಇದರ ಕ್ರಮ ಸರಳವಾದುದು. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬನು ನಿರೂಪಕನಾಗುತ್ತಾನೆ. ಉಳಿದವರು ವೀರ, ಮಾಂತ್ರಿಕ, ಪುರೋಹಿತ, ಕಳ್ಳ ಮುಂತಾದ ಒಂದೊಂದು ಪಾತ್ರವನ್ನು ವಹಿಸುತ್ತಾರೆ. “ಎದುರಿಗೆ ಹಳೆಯ ಬಾಗಿಲೊಂದಿದೆ, ಅದರ ಸಂದಿಯಿಂದ ತಣ್ಣನೆಯ ಗಾಳಿ ಬೀಸುತ್ತಿದೆ” ಎಂದು ನಿರೂಪಕನು ವರ್ಣಿಸುತ್ತಾನೆ. ಬಾಗಿಲನ್ನು ತೆರೆಯಬೇಕೆ, ಕಿವಿಗೊಟ್ಟು ಆಲಿಸಬೇಕೆ, ಹಿಂದಿರುಗಬೇಕೆ ಎಂಬುದನ್ನು ಆಟಗಾರರೇ ನಿರ್ಧರಿಸಬೇಕು. ಕೈಗೊಂಡ ಕಾರ್ಯ ಸಫಲವಾಯಿತೇ ಎಂಬುದನ್ನು ಹಲವು ವೇಳೆ ದಾಳಗಳು ತೀರ್ಮಾನಿಸುತ್ತವೆ. ಅವುಗಳಲ್ಲಿ 20 ಮುಖಗಳ ದಾಳವೂ ಒಂದು. ದಾಳ ಕೈಕೊಟ್ಟರೆ ಪಾತ್ರವು ಸಾಯುವುದೂ ಉಂಟು.

ನಿರೂಪಕನ ಉಪಯೋಗಕ್ಕಾಗಿ ‘ಸಾಹಸ’ಗಳೆಂಬ ಪುಸ್ತಿಕೆಗಳು ಅಚ್ಚಾಗುತ್ತವೆ. ಮೊದಮೊದಲಿನ ಅನೇಕ ಸಾಹಸಗಳಲ್ಲಿ ನೆಲಮಾಳಿಗೆಯ ಕೋಣೆಗಳು, ಅಲ್ಲಲ್ಲಿ ಕ್ರೂರಜಂತುಗಳು, ಅವು ಕಾಯುವ ನಿಧಿ, ಇಷ್ಟೇ ಇರುತ್ತಿದ್ದವು. ಟ್ರೇಸಿ ಹಿಕ್‌ಮನ್ ಎಂಬಾತನು ಆಟವಾಡುತ್ತಿದ್ದಾಗ ಒಮ್ಮೆ ಅಂತಹ ಕೋಣೆಯೊಂದರಲ್ಲಿ ರಕ್ತಪಿಶಾಚಿ ಎದುರಾಯಿತು. ಗೋರಿಯಿಂದೆದ್ದು ಬದುಕಿರುವವರ ರಕ್ತವನ್ನು ಹೀರುವುದೆಂದು ಯುರೋಪಿನ ಜನಪದರು ನಂಬಿದ್ದ ಪ್ರೇತವದು. ಅದು ಅಲ್ಲಿಗೆ ಬಂದುದೇಕೆಂಬ ಪ್ರಶ್ನೆ ಅವನನ್ನು ಕಾಡಿತು. ಉತ್ತರವನ್ನರಸಿ ಅವನೂ ಅವನ ಪತ್ನಿ ಲಾರಾಳೂ ಹೊಸ ಸಾಹಸವೊಂದನ್ನು ಹೆಣೆದರು. ಹ್ಯಾಲೋವೀನ್ ಹಬ್ಬದ ಕಾಲದಲ್ಲಿ ಅದನ್ನು ಆಡಿಸುತ್ತ ಬಂದರು. 1983ರಲ್ಲಿ ‘ರೇವನ್‌ಲಾಫ್ಟ್’ ಎಂಬ ಹೆಸರಿನಿಂದ ಅದು ಪ್ರಕಟವಾಯಿತು.

ಕಥೆ ನಡೆಯುವುದು ಬರೋವಿಯಾ ಎಂಬ ಕಲ್ಪಿತ ಕಣಿವೆಯಲ್ಲಿ. ಅದನ್ನು ಸುತ್ತುವರಿದ ವಿಷಮಯವಾದ ಮಂಜು ಒಳಹೊಕ್ಕವರನ್ನು ಹೊರಹೋಗಗೊಡದು. ಹಳ್ಳಿಗರು ಬಾಗಿಲನ್ನು ಭದ್ರಪಡಿಸಿಕೊಂಡು ಬದುಕುತ್ತಾರೆ. ಮೇಲೆ ಬಂಡೆಯ ತುದಿಯಲ್ಲಿ ನಿಂತ ಕೋಟೆಯಲ್ಲಿ ಕೌಂಟ್ ಸ್ಟ್ರಾಡ್ ಎಂಬ ದೊರೆಯಿದ್ದಾನೆ. ಅವನೇ ಆ ರಕ್ತಪಿಶಾಚಿ. ಅವನು ಒಂದೇ ಕೋಣೆಯಲ್ಲಿ ಕುಳಿತು ಕಾಯುವವನಲ್ಲ. ಇದ್ದಕ್ಕಿದ್ದಂತೆ ಬಂದು ಹೊಡೆದು ಮರೆಯಾಗುವ ಚತುರನು.

ಕಾರ್ಡುಗಳನ್ನು ನೋಡಿ ಭವಿಷ್ಯ ಹೇಳುವ ಮೇಡಮ್ ಈವಾ ಎಂಬ ಮುದುಕಿಯ ಪ್ರಸಂಗ ಈ ಸಾಹಸದ ವೈಶಿಷ್ಟ್ಯ. ಆಟಗಾರರ ಮುಂದೆ ನಿಜವಾಗಿಯೂ ಕಾರ್ಡುಗಳನ್ನು ಹರಡಲಾಗುತ್ತದೆ. ಸೂರ್ಯಪ್ರಭೆಯನ್ನು ಬೀರುವ ಖಡ್ಗವೆಲ್ಲಿ, ಸ್ಟ್ರಾಡನ ಗ್ರಂಥವೆಲ್ಲಿ, ಅವನ ಉದ್ದೇಶವೇನು ಎಂಬುದೆಲ್ಲವನ್ನೂ ಆ ಕಾರ್ಡುಗಳೇ ನಿರ್ಣಯಿಸುತ್ತವೆ. ಆದುದರಿಂದ ಹಿಂದೆ ಆಡಿದವನಿಗೂ ಕೋಟೆ ಪುನಃ ಅಪರಿಚಿತವಾಗುತ್ತದೆ.

ಕೋಟೆಯಲ್ಲಿ ಹುಡುಕುತ್ತ ಹೋದವರಿಗೆ ಸ್ಟ್ರಾಡನ ಪೂರ್ವಕಥೆ ತಿಳಿದುಬರುತ್ತದೆ. ಅವನೂ ಹಿಂದೆ ಮನುಷ್ಯನೇ ಆಗಿದ್ದನು. ಯೌವನವೆಲ್ಲ ಯುದ್ಧದಲ್ಲಿ ಕಳೆದುಹೋಗಿತ್ತು. ತಮ್ಮನಾದ ಸರ್ಗೈ ತರುಣ, ಎಲ್ಲರಿಗೂ ಪ್ರಿಯನು. ಅವನು ವರಿಸಲಿದ್ದ ತಾತ್ಯಾನಾಳನ್ನು ಅಣ್ಣನೂ ಮೋಹಿಸಿದನು. ಅಸೂಯೆಯಿಂದ ಕುರುಡನಾಗಿ ಮೃತ್ಯುವಿನೊಡನೆ ಒಪ್ಪಂದ ಮಾಡಿಕೊಂಡು, ಮದುವೆಯ ದಿನವೇ ತಮ್ಮನನ್ನು ಕೊಂದನು. ತಾತ್ಯಾನಾ ದೊರಕಲಿಲ್ಲ, ಕೊನೆಯಿಲ್ಲದ ಇರುಳೊಂದೇ ದೊರಕಿತು.

ಇದನ್ನು ಅರಿತ ಆಟಗಾರರ ಭೀತಿಯ ಸ್ವರೂಪವೇ ಬದಲಾಗುತ್ತದೆ. ಕತ್ತಲೆಯಲ್ಲಿ ಅಡಗಿದ್ದುದು ಹಲ್ಲು ಉಗುರುಗಳ ಭೂತ ಮಾತ್ರವಲ್ಲ. ಎಲ್ಲರ ಮನದಲ್ಲಿಯೂ ತಲೆಯೆತ್ತಬಹುದಾದ ಅಸೂಯೆಯೆಂದು ಅವರು ಕಾಣುತ್ತಾರೆ. ಆದರೂ ಕರುಣೆಯೊಂದರಿಂದಲೇ ಬರೋವಿಯಾಕ್ಕೆ ಬಿಡುಗಡೆಯಿಲ್ಲ, ಸ್ಟ್ರಾಡನನ್ನು ಎದುರಿಸಲೇಬೇಕು. ಅವಸರದಿಂದ ಕತ್ತಿ ಬೀಸಿದವರಿಗಿಂತ, ತಾಳ್ಮೆಯಿಂದ ಹುಡುಕಿ, ಪ್ರಶ್ನಿಸಿ, ಪರಸ್ಪರರನ್ನು ಕಾಯ್ದುಕೊಂಡವರಿಗೆ ಆ ಕಾರ್ಯ ಸಾಧ್ಯವಾಗುವ ಸಂಭವ ಹೆಚ್ಚು.

2016ರಲ್ಲಿ ಈ ಸಾಹಸವು ವಿಸ್ತೃತ ರೂಪದಲ್ಲಿ ಮತ್ತೆ ಪ್ರಕಟವಾಯಿತು. ಭೂತವನ್ನು ಕಂಡಾಗ ಓಡುವುದು ಸಹಜ, ಹೊಡೆಯುವುದೂ ಸಹಜ. ‘ಇದು ಇಲ್ಲಿಗೆ ಬಂದುದೇಕೆ?’ ಎಂದು ಒಬ್ಬನು ನಿಂತು ಕೇಳಿದನು. ಆ ಒಂದು ಪ್ರಶ್ನೆಯಿಂದಲೇ ಈ ಕೋಟೆ ಮೇಲೆದ್ದಿತು.