ಹಡಗಿಗಿಂತ ಮೊದಲು ಕಾಗದ

ಭಾಲ್ಕಿಯಿಂದ ಹೊರದೇಶದ ವಿಶ್ವವಿದ್ಯಾಲಯಕ್ಕೆ ಅಂಕಪಟ್ಟಿ ಕಳಿಸುವ ವಿದ್ಯಾರ್ಥಿಗೆ ಒಂದೇ ಚಿಂತೆ: ಕೊನೆಯ ದಿನಾಂಕದೊಳಗೆ ತಲುಪೀತೇ? ಡಿಎಚ್‌ಎಲ್ ಕಂಪನಿ ಹುಟ್ಟಿದ್ದೂ ಇಂಥದೇ ಚಿಂತೆಯಿಂದ. ಕಾಗದಪತ್ರ ಬಾರದಿದ್ದರೆ ಬಂದರಿನಲ್ಲಿ ಹಡಗು ಸುಮ್ಮನೆ ಕಾಯಬೇಕಿತ್ತು. 1969ರಲ್ಲಿ ಡಾಲ್ಸಿ, ಹಿಲ್‌ಬ್ಲಾಮ್, ಲಿನ್ ಎಂಬ ಮೂವರು ಆ ಕಾಗದಗಳನ್ನು ಸ್ಯಾನ್‌ಫ್ರಾನ್ಸಿಸ್ಕೊದಿಂದ ಹೊನೊಲುಲುವಿಗೆ ವಿಮಾನದಲ್ಲಿ ಮುಂಚೆಯೇ ಒಯ್ಯತೊಡಗಿದರು. ಹಡಗು ಬರುವಷ್ಟರಲ್ಲಿ ಸುಂಕದ ಕೆಲಸ ಮುಗಿಯುತ್ತಿತ್ತು. ಮೂವರ ಮೊದಲಕ್ಷರಗಳೇ ಕಂಪನಿಯ ಹೆಸರಾದವು. ಇಂದದು 220ಕ್ಕೂ ಹೆಚ್ಚು ದೇಶ, ಪ್ರದೇಶಗಳಿಗೆ ಹಬ್ಬಿದೆ.

ನಮ್ಮ ಅಂಚೆ ಇಲಾಖೆಯೂ 1986ರಲ್ಲಿ ಸ್ಪೀಡ್ ಪೋಸ್ಟ್ ಆರಂಭಿಸಿತು. ಅದು ಹೊರದೇಶಕ್ಕೂ ಹೋಗುತ್ತದೆ. ಆದರೆ ವಿಳಾಸವೇ ತಪ್ಪಿದ್ದರೆ ವಿಮಾನದ ವೇಗದಿಂದೇನು ಫಲ? ಪಾಲಕರೇ, ಕೇಳದ ಹೊರತು ಮೂಲ ಅಂಕಪಟ್ಟಿ ಕಳಿಸಬೇಡಿ, ರಸೀದಿಯನ್ನು ಜೋಪಾನವಾಗಿಡಿ. ಲಕೋಟೆ ಎಲ್ಲಿದೆಯೆಂದು ಹೇಳುವುದು ಅದರ ಮೇಲಿನ ಸಂಖ್ಯೆಯೇ.