ಜಾಂಗೊ ಮನೆ ಬಿಟ್ಟು ಹೊರಟಾಗ

ಕಾಲವಲಯ ಯಾವುದೆಂದು ನಾವು ಹೇಳದೇ ಹೋದರೆ, ವೆಬ್‌ಸೈಟ್ ಕಟ್ಟುವ ಚೌಕಟ್ಟಾದ ಜಾಂಗೊ ಷಿಕಾಗೊ ನಗರದ ಗಂಟೆಯನ್ನು ಹಿಡಿದು ನಡೆಯುತ್ತದೆ. ಅದಕ್ಕೆ ಕಾರಣ ಹುಟ್ಟೂರು. 2003ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿನ ಪತ್ರಿಕಾ ಕಚೇರಿಯೊಂದರಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಇದನ್ನು ಕಟ್ಟತೊಡಗಿದರು. 2005ರ ಜುಲೈಯಲ್ಲಿ ಅದು ಎಲ್ಲರ ಕೈಗೂ ಸಿಕ್ಕಿತು. ಲಾರೆನ್ಸ್ ಇರುವುದು ಷಿಕಾಗೊ ಕಾಲವಲಯದಲ್ಲೇ. ಆದರೆ ಹೊಸ ಪ್ರಾಜೆಕ್ಟಿನ ಸೆಟ್ಟಿಂಗ್ಸ್ ಕಡತದಲ್ಲಿ ಈಗ ಯುಟಿಸಿ ಎಂದು ಬರೆದೇ ಬರುತ್ತದೆ. ಏಷ್ಯಾ/ಕೋಲ್ಕತಾ ಎಂದು ತಿದ್ದದಿದ್ದರೆ ಪುಟದ ಮೇಲಿನ ಸಮಯ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ ಇರುತ್ತದೆ.

ಹೀಗೆ ನಾವು ಬಾಯಿಬಿಟ್ಟು ಹೇಳದ ಎಷ್ಟೋ ಸಂಗತಿಗಳನ್ನು ಜಾಂಗೊ ತಾನೇ ಊಹಿಸಿಕೊಂಡಿರುತ್ತದೆ. ನಮ್ಮ ಲ್ಯಾಪ್‌ಟಾಪಿನಲ್ಲಿ ಆ ಊಹೆಗಳು ನಡೆಯುತ್ತವೆ. ಕ್ಲೌಡಿಗೆ ಏರಿಸಿದ ದಿನ ಒಂದೊಂದೇ ಸುಳ್ಳಾಗುತ್ತವೆ.

ಮೊದಲನೆಯದು ಬಾಗಿಲಿನದು. ಲ್ಯಾಪ್‌ಟಾಪಿನಲ್ಲಿ ರನ್‌ಸರ್ವರ್ ಆಜ್ಞೆ ಕೊಟ್ಟರೆ ಸೈಟು 127.0.0.1 ವಿಳಾಸದ 8000ನೇ ಪೋರ್ಟಿನಲ್ಲಿ ಕೂರುತ್ತದೆ. ಅದು ಮನೆಯೊಳಗಿನವರಿಗಷ್ಟೇ ತೆರೆಯುವ ಬಾಗಿಲು. ಕ್ಲೌಡಿನಲ್ಲಿ ಹೊರಗಿನವರು ಬರಬೇಕಾದರೆ 0.0.0.0 ಎಂದು ಹೇಳಬೇಕು. ಎಷ್ಟೋ ಕಡೆ ಪೋರ್ಟಿನ ಸಂಖ್ಯೆಯನ್ನು ಹೋಸ್ಟಿಂಗ್ ಸೇವೆಯೇ ಕೊಡುತ್ತದೆ, ಅದನ್ನು ಓದಿಕೊಳ್ಳಬೇಕು. ರನ್‌ಸರ್ವರ್ ಅಭ್ಯಾಸಕ್ಕೆಂದೇ ಇರುವುದು. ಜನ ಬರುವ ಸೈಟಿಗೆ ಗುನಿಕಾರ್ನ್‌ನಂಥ ಸರ್ವರ್ ಬೇಕು. ಯಾವ ಡೊಮೇನ್ ಹೆಸರಿಗೆ ಓಗೊಡಬೇಕು ಎಂಬುದನ್ನು ಅಲೌಡ್ ಹೋಸ್ಟ್ಸ್ ಪಟ್ಟಿಯಲ್ಲಿ ಬರೆಯದಿದ್ದರೆ ಬಂದವರಿಗೆಲ್ಲ 400 ಎಂಬ ತಪ್ಪುಸಂಖ್ಯೆಯೇ ಗತಿ.

ಡೀಬಗ್ ಸೆಟ್ಟಿಂಗನ್ನು ಆರಿಸುವುದು ಅದಕ್ಕಿಂತ ಮುಖ್ಯ. ಅದು ಉರಿಯುತ್ತಿದ್ದರೆ ಸೈಟು ಎಡವಿದಾಗಲೆಲ್ಲ ನಮ್ಮ ಕೋಡಿನ ಸಾಲುಗಳು, ಚರಗಳ ಬೆಲೆಗಳು ನೋಡಿದವರೆಲ್ಲರ ಕಣ್ಣಿಗೆ ಬೀಳುತ್ತವೆ. ಆರಿಸಿದ ಮರುಕ್ಷಣ ಇನ್ನೊಂದು ಗಾಬರಿ: ಬಣ್ಣ, ವಿನ್ಯಾಸ ಎಲ್ಲ ಮಾಯವಾಗಿ ಪುಟ ಬೋಳಾಗಿ ನಿಲ್ಲುತ್ತದೆ. ಅಲ್ಲಿಯವರೆಗೆ ಸಿಎಸ್‌ಎಸ್ ಕಡತಗಳನ್ನು ಬಡಿಸುತ್ತಿದ್ದುದು ರನ್‌ಸರ್ವರೇ. ಈಗ ಕಲೆಕ್ಟ್‌ಸ್ಟ್ಯಾಟಿಕ್ ಆಜ್ಞೆಯಿಂದ ಅವನ್ನೆಲ್ಲ ಒಂದೆಡೆ ಗುಡ್ಡೆ ಹಾಕಿ, ವೈಟ್‌ನಾಯ್ಸ್‌ಗೋ ಎಂಜಿನ್‌ಎಕ್ಸ್‌ಗೋ ಒಪ್ಪಿಸಬೇಕು.

ಸೀಕ್ರೆಟ್ ಕೀ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡಲಾರೆ. ಲಾಗಿನ್ ಆದವರ ಗುರುತು, ಪಾಸ್‌ವರ್ಡ್ ಬದಲಿಸುವ ಕೊಂಡಿ, ಎಲ್ಲಕ್ಕೂ ಈ ಕೀಲಿಯ ಮುದ್ರೆಯೇ ಆಧಾರ. ಹೊಸ ಪ್ರಾಜೆಕ್ಟಿನಲ್ಲಿ ತಾನಾಗಿ ಹುಟ್ಟುವ ಕೀಲಿಯ ಮೊದಲಲ್ಲೇ 'ಜಾಂಗೊ-ಇನ್‌ಸೆಕ್ಯೂರ್' ಎಂದು ಬರೆದಿರುತ್ತದೆ. ಅದನ್ನು ಓದಿಯೂ ಹಾಗೇ ಗಿಟ್‌ಗೆ ಸೇರಿಸುವವರಿದ್ದಾರೆ. ಆಮೇಲೆ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಅದು ಉಳಿದೇ ಇರುತ್ತದೆ. ಹೊಸ ಕೀಲಿ ಮಾಡಿಕೊಳ್ಳುವುದೊಂದೇ ದಾರಿ. ಕೀಲಿಯನ್ನೂ ಡೇಟಾಬೇಸಿನ ಪಾಸ್‌ವರ್ಡನ್ನೂ ಕೋಡಿನಲ್ಲಿ ಬರೆಯದೆ ಸರ್ವರಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ ಇಟ್ಟು, ಸೆಟ್ಟಿಂಗ್ಸ್ ಕಡತ ಅಲ್ಲಿಂದ ಓದಿಕೊಳ್ಳುವಂತೆ ಮಾಡಬೇಕು.

ಇನ್ನು ಸಾಮಾನು ಸರಂಜಾಮು. ಹೆರೋಕುವಿನಂಥ ಸೇವೆಗಳಲ್ಲಿ ನಮಗೆ ಸಿಗುವ ಯಂತ್ರ ಛತ್ರದ ಕೋಣೆಯಂತೆ. ಡೈನೊ ಎಂಬ ಆ ಯಂತ್ರ ದಿನಕ್ಕೊಮ್ಮೆಯಾದರೂ ಹೊಸದಾಗಿ ಶುರುವಾಗುತ್ತದೆ; ಅಲ್ಲಿಯವರೆಗೆ ಅದರ ಡಿಸ್ಕಿಗೆ ಬರೆದದ್ದು ಉಳಿಯುವುದಿಲ್ಲ. ಹೊಸ ಪ್ರಾಜೆಕ್ಟಿನಲ್ಲಿ ಜಾಂಗೊ ತಾನಾಗಿ ಬಳಸುವ ಎಸ್‌ಕ್ಯೂಲೈಟ್ ಡೇಟಾಬೇಸ್ ಒಂದೇ ಒಂದು ಕಡತ. ಅದನ್ನು ಛತ್ರದಲ್ಲಿ ಬಿಟ್ಟರೆ ನಿನ್ನೆ ನೋಂದಾಯಿಸಿದವರೆಲ್ಲ ಇಂದು ಬೆಳಗ್ಗೆ ಇಲ್ಲ. ನನ್ನ ಮೊದಲ ಸೈಟಿನಲ್ಲಿ ಓದುಗರು ಏರಿಸಿದ ಫೋಟೊಗಳನ್ನು ನಾನು ಕಳೆದುಕೊಂಡದ್ದು ಹೀಗೆಯೇ. ಒಬ್ಬರು ತಮ್ಮ ಅಜ್ಜಿಯ ಚಿತ್ರ ಎಲ್ಲಿ ಹೋಯಿತೆಂದು ಬರೆದು ಕೇಳಿದಾಗ ಕೊಡಲು ಉತ್ತರವಿರಲಿಲ್ಲ. ಡೇಟಾ ಪೋಸ್ಟ್‌ಗ್ರೆಸ್ಸಿಗೆ, ಚಿತ್ರಗಳು ಎಸ್3ಯಂಥ ಪ್ರತ್ಯೇಕ ಉಗ್ರಾಣಕ್ಕೆ ಹೋಗಬೇಕು.

ಪೋಸ್ಟ್‌ಗ್ರೆಸ್ಸಿಗೆ ಹೋಗುವಾಗ ಕನ್ನಡಿಗರು ಗಮನಿಸಬೇಕಾದ್ದು ಒಂದಿದೆ. ಹೆಸರಿಗೆ ಗರಿಷ್ಠ 15 ಎಂದು ಅಳತೆ ಇಟ್ಟಿದ್ದೀರಿ ಎನ್ನಿ. 'ಲಕ್ಷ್ಮೀನಾರಾಯಣಸ್ವಾಮಿ' ನಮ್ಮ ಎಣಿಕೆಯಲ್ಲಿ ಎಂಟೇ ಅಕ್ಷರ. ಯೂನಿಕೋಡಿನಲ್ಲಿ ವ್ಯಂಜನ, ಅರ್ಧಾಕ್ಷರದ ಚಿಹ್ನೆ, ಗುಣಿತದ ಚಿಹ್ನೆ ಎಲ್ಲವೂ ಬೇರೆ ಬೇರೆ, ಒಟ್ಟು 19. ಫಾರಂ ಮೂಲಕ ಬಂದರೆ ಜಾಂಗೊ ತಡೆಯುತ್ತದೆ. ಆದರೆ ಎಕ್ಸೆಲ್ ಹಾಳೆಯಿಂದ ಸ್ಕ್ರಿಪ್ಟ್ ಬರೆದು ತುಂಬಿಸಿದಾಗ ಎಸ್‌ಕ್ಯೂಲೈಟ್ ಆ ಅಳತೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹೆಸರು ಸಲೀಸಾಗಿ ಒಳಗೆ ಹೋಗುತ್ತದೆ. ಪೋಸ್ಟ್‌ಗ್ರೆಸ್ ಬಾಗಿಲಲ್ಲೇ ನಿಲ್ಲಿಸುತ್ತದೆ. ಮಾದರಿಯಲ್ಲಿ ಆ ಅಳತೆಯನ್ನು 60ಕ್ಕೋ 100ಕ್ಕೋ ಏರಿಸಿ, ಮೇಕ್‌ಮೈಗ್ರೇಷನ್ಸ್ ಮತ್ತು ಮೈಗ್ರೇಟ್ ಆಜ್ಞೆಗಳನ್ನು ಕೊಟ್ಟ ಮೇಲೆ ಹಾಳೆಯನ್ನು ತುಂಬಿಸಿ.