ವಿಶ್ರಾಂತಿಯೋ? ವ್ಯಾಯಾಮವೋ?

ಹೃದಯಾಘಾತಕ್ಕೆ ಗುರಿಯಾಗಿ ಆಸ್ಪತ್ರೆಯಿಂದ ಮರಳಿದ ಹಿರಿಯರನ್ನು ನಾವು ಹಾಸಿಗೆಯಿಂದ ಏಳಗೊಡುವುದಿಲ್ಲ. ನೀರಿನ ಲೋಟವನ್ನೂ ಅವರ ಕೈಗೇ ತಂದುಕೊಡುತ್ತೇವೆ. ಇದು ಪ್ರೀತಿಯ ಲಕ್ಷಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಂದಿನ ವೈದ್ಯಶಾಸ್ತ್ರವು ಈ ಪ್ರೀತಿಯನ್ನು ಒಪ್ಪುವುದಿಲ್ಲ. ಅದೇಕೆಂಬುದನ್ನು ನಾವು ತಿಳಿದಿರುವುದು ಒಳ್ಳೆಯದು.

ಹಿಂದೆ ವೈದ್ಯರೂ ಇದನ್ನೇ ವಿಧಿಸುತ್ತಿದ್ದರು. ರೋಗಿಯು ವಾರಗಟ್ಟಲೆ ಮಲಗಿರಬೇಕಾಗಿತ್ತು. 1952ರಲ್ಲಿ ಬಾಸ್ಟನ್ನಿನ ವೈದ್ಯರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬವರು ಅಂಥ ರೋಗಿಗಳನ್ನು ಬೇಗನೆ ಆರಾಮಕುರ್ಚಿಯಲ್ಲಿ ಕುಳ್ಳಿರಿಸುವ ಚಿಕಿತ್ಸೆಯನ್ನು ಪ್ರಕಟಿಸಿದರು. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಮಲಗಿಸಿದಾಗ, ಅವರ ದೇಹವು ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿಯು ಕಾಲುಭಾಗಕ್ಕೂ ಮಿಕ್ಕಿ ಕುಗ್ಗಿತು. ಮೂವತ್ತು ವರ್ಷಗಳ ತರುವಾಯ ಅದೇ ಐವರನ್ನು ಮತ್ತೆ ಪರೀಕ್ಷಿಸಲಾಯಿತು. ಆಗ ಕಂಡುಬಂದುದೇನು? ಮೂವತ್ತು ವರ್ಷಗಳ ವಯಸ್ಸು ತಗ್ಗಿಸಿದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಆ ಮೂರು ವಾರಗಳ ಹಾಸಿಗೆ ತಗ್ಗಿಸಿತ್ತು!

ವ್ಯಾಯಾಮದ ಲಾಭದ ಒಂದು ಮರ್ಮವು ಸ್ನಾಯುಗಳಲ್ಲಿದೆ. ಪಳಗಿದ ಸ್ನಾಯುವು ರಕ್ತದಿಂದ ಹೆಚ್ಚು ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಆದುದರಿಂದ ಅದೇ ಕೆಲಸಕ್ಕೆ ಹೃದಯದ ಶ್ರಮವು ಕಡಿಮೆಯಾಗುತ್ತದೆ. ಶ್ವಾಸಕೋಶದ ದೀರ್ಘರೋಗಿಗಳ ಪಾಡೂ ಹೀಗೆಯೇ. ಏದುಸಿರಿಗೆ ಅಂಜಿ ಅವರು ನಡೆಯುವುದನ್ನು ಬಿಡುತ್ತಾರೆ, ಕಾಲುಗಳು ಸೊರಗುತ್ತವೆ, ಸೊರಗಿದ ಕಾಲು ನಾಲ್ಕು ಹೆಜ್ಜೆಗೇ ಇನ್ನಷ್ಟು ಏದುಸಿರನ್ನು ತರುತ್ತದೆ. ಈ ವಿಷಚಕ್ರವನ್ನು ಮುರಿಯುವುದೇ ಪುನಶ್ಚೇತನ ಚಿಕಿತ್ಸೆಯ ಉದ್ದೇಶ.

ಹಾಗೆಂದು ರೋಗಿಯು ತನ್ನಿಚ್ಛೆಯಂತೆ ಓಡಾಡಬೇಕೆಂದು ಅರ್ಥವಲ್ಲ. ಔಷಧಕ್ಕಿರುವಂತೆ ವ್ಯಾಯಾಮಕ್ಕೂ ಪ್ರಮಾಣವುಂಟು. ಮೊದಲು ವೈದ್ಯರ ಪರೀಕ್ಷೆ. ಬಳಿಕ 30 ಮೀಟರು ಉದ್ದದ ಹಾದಿಯಲ್ಲಿ ಆರು ನಿಮಿಷ ನಡೆಸಿ, ಕ್ರಮಿಸಿದ ದೂರ, ನಾಡಿ, ರಕ್ತದ ಆಮ್ಲಜನಕ ಇವುಗಳನ್ನು ಗುರುತಿಸುತ್ತಾರೆ. ತರುವಾಯ ಕೆಲವು ವಾರಗಳ ಕಾಲ ತಜ್ಞರ ಕಣ್ಣಮುಂದೆ ನಡಿಗೆ, ಸೈಕಲ್ ತುಳಿತ, ಹಗುರವಾದ ಭಾರ ಎತ್ತುವಿಕೆ ಕ್ರಮಕ್ರಮವಾಗಿ ಏರುತ್ತವೆ. ತುಟಿಗಳನ್ನು ಸಣ್ಣದಾಗಿಸಿ ನಿಧಾನವಾಗಿ ಉಸಿರು ಬಿಡುವುದನ್ನು ಶ್ವಾಸರೋಗಿಗಳಿಗೆ ಕಲಿಸುತ್ತಾರೆ. ಆಹಾರಕ್ರಮ, ತಂಬಾಕಿನ ತ್ಯಾಗ, ಮನೋಧೈರ್ಯ ಇವೂ ಚಿಕಿತ್ಸೆಯ ಅಂಗಗಳೇ.

ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 3,959 ಮಂದಿಯ ಮೇಲೆ ಯೋಗಾಧಾರಿತ ಪುನಶ್ಚೇತನದ ಪ್ರಯೋಗ ನಡೆದು, 2020ರಲ್ಲಿ ಅದರ ಫಲಿತಾಂಶವು ಪ್ರಕಟವಾಯಿತು. ಯೋಗಾಭ್ಯಾಸ ಮಾಡಿದವರು ತಮ್ಮ ನಿತ್ಯದ ಕೆಲಸಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು. ಆದರೆ ಮರಣವೂ ಮತ್ತೆ ಆಘಾತವೂ ತಗ್ಗುವುವೆಂದು ಅದರಿಂದ ಸಿದ್ಧವಾಗಲಿಲ್ಲ. ಆದಕಾರಣ ಯೋಗವು ಔಷಧಕ್ಕೆ ಜೊತೆಯೇ ಹೊರತು ಬದಲಿಯಲ್ಲ.

ಹಿಂಜವಾಡಿಯ ಬಹುಮಹಡಿಯ ಮನೆಗಳಲ್ಲಿ ಮಕ್ಕಳ ಉದ್ಯೋಗದ ನಿಮಿತ್ತ ಕರ್ನಾಟಕದಿಂದ ಬಂದು ನೆಲಸಿದ ಅಜ್ಜ ಅಜ್ಜಿಯರಿದ್ದಾರೆ. ಇಲ್ಲಿನ ಚಿಕಿತ್ಸಕರು ಮರಾಠಿಯಲ್ಲೋ ಹಿಂದಿಯಲ್ಲೋ "ದಮ್ಮು ಎಷ್ಟು? ಸೊನ್ನೆಯಿಂದ ಹತ್ತರೊಳಗೆ ಹೇಳಿ" ಎಂದು ಕೇಳುತ್ತಾರೆ. ವ್ಯಾಯಾಮವನ್ನು ಏರಿಸಬೇಕೋ ಇಳಿಸಬೇಕೋ ಎಂಬುದಕ್ಕೆ ಈ ಉತ್ತರವೂ ಒಂದು ಆಧಾರ. ಕನ್ನಡವೊಂದನ್ನೇ ಬಲ್ಲ ಅಜ್ಜನು ಸುಮ್ಮನೆ ತಲೆಯಾಡಿಸಿದರೆ ಅಳತೆ ತಪ್ಪುತ್ತದೆ. ಎರಡು ನುಡಿಗಳನ್ನೂ ಬಲ್ಲ ವಿದ್ಯಾರ್ಥಿಗಳೇ, ಅಲ್ಲಿ ನಿಮ್ಮ ಸೇವೆ ಬೇಕು. "ಎದೆ ಹಿಡಿದಂತಿದೆ", "ಉಸಿರು ಕಟ್ಟುತ್ತಿದೆ", "ಕಾಲು ಸೋತಿದೆ" ಎಂಬ ಮಾತುಗಳು ಬೇರೆ ಬೇರೆ. ಅವನ್ನು ಬೆರಸದೆ ತಿಳಿಸಿರಿ. ಮನೆಯಲ್ಲಿ ವೈದ್ಯರು ಹೇಳಿದಷ್ಟು ಹೊತ್ತು ಅಜ್ಜನ ಜೊತೆಯಲ್ಲಿ ನಡೆಯಿರಿ. ಎದೆನೋವು, ತಣ್ಣನೆಯ ಬೆವರು, ತಲೆಸುತ್ತು ಕಂಡರೆ ಕೂಡಲೇ ನಿಲ್ಲಿಸಿ ಹಿರಿಯರನ್ನು ಕೂಗಿರಿ, 108ಕ್ಕೆ ಕರೆಮಾಡಿರಿ. ನೀರಿನ ಲೋಟವನ್ನು ಮಾತ್ರ ಅಜ್ಜನೇ ಎದ್ದು ತೆಗೆದುಕೊಳ್ಳಲಿ.